ಕದ್ದ ಎರಡು ಹೆಜ್ಜೆ

ಬ್ಯಾಂಕಿನ ನೌಕರಿಗೆಂದು ಶಿವಮೊಗ್ಗದಿಂದ ಮುಂಬಯಿಗೆ ಬಂದಿಳಿದಾಗ ನನಗೆ ಇಪ್ಪತ್ತಮೂರು ವರ್ಷ. 1984ನೇ ಇಸವಿ. ಕುರ್ಲಾ ಪೂರ್ವದ ಒಂದು ಚಾಳಿನಲ್ಲಿ ನಾಲ್ಕು ಜನ ಕನ್ನಡಿಗರು ಒಂದು ಖೋಲಿ ಹಂಚಿಕೊಂಡಿದ್ದೆವು. ಕುರ್ಲಾ ನನಗೆ ಕಲಿಸಿದ ಮೊದಲ ಪಾಠ ಅಂದರೆ ಲೋಕಲ್ ಗಾಡಿ ಪೂರ್ತಿ ನಿಲ್ಲುವ ಮೊದಲೇ ಹತ್ತುವುದು. ಎರಡು ಸೆಕೆಂಡು ಕದ್ದವನಿಗೆ ಸೀಟು, ಕಾದವನಿಗೆ ಬಾಗಿಲಿನ ಕಂಬ. ಇದನ್ನು ಅಲ್ಲಿ ಯಾರೂ ಕಳ್ಳತನ ಎನ್ನುತ್ತಿರಲಿಲ್ಲ.

ಭಾನುವಾರ ಚಾಳಿನ ಮುಂದೆ ಕ್ರಿಕೆಟ್. ಟೆನಿಸ್ ಚೆಂಡು, ಒಂದು ಕಡೆ ಡಬ್ಬ, ಇನ್ನೊಂದು ಕಡೆ ಎರಡು ಇಟ್ಟಿಗೆ. 1986ರ ಒಂದು ಭಾನುವಾರ ನಾನು ಇಟ್ಟಿಗೆಯ ಕಡೆ ನಿಂತಿದ್ದೆ. ಬೌಲಿಂಗ್ ಮಾಡುತ್ತಿದ್ದವನು ಪಕ್ಕದ ಖೋಲಿಯ ಹನ್ನೆರಡು ವರ್ಷದ ಹುಡುಗ. ಅವನು ಓಡಿ ಬರುತ್ತಿದ್ದಂತೆ ನಾನು ಗೆರೆ ಬಿಟ್ಟು ಎರಡು ಹೆಜ್ಜೆ ಮುಂದೆ ಹೋದೆ. ಹುಡುಗ ಚೆಂಡು ಎಸೆಯದೆ ಸುಮ್ಮನೆ ಇಟ್ಟಿಗೆಗೆ ಮುಟ್ಟಿಸಿ, 'ಅಂಕಲ್, ಔಟ್' ಅಂದ. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿದು, 'ಚೋರ್!' ಎಂದು ಕೂಗಿಬಿಟ್ಟೆ. ಹುಡುಗನ ಮುಖ ಸಣ್ಣದಾಯಿತು.

ಕಟ್ಟೆಯ ಮೇಲೆ ಕೂತಿದ್ದ ಅವನ ಅಜ್ಜ, ನಿವೃತ್ತ ಮಿಲ್ ಕಾರ್ಮಿಕ, ಮೆಲ್ಲಗೆ ಕೇಳಿದರು: 'ಶೆಟ್ಟಿಸಾಹೇಬ್, ಘರ್ ಸೋಡೂನ್ ಆಧೀ ಕೋಣ್ ಗೇಲಾ?' ಮನೆ ಬಿಟ್ಟು ಮೊದಲು ಹೋದವರು ಯಾರು ಅಂತ. ನಾನು ಶೆಟ್ಟಿ ಅಲ್ಲ. ಆದರೆ ಮುಂಬಯಿಯಲ್ಲಿ ಕನ್ನಡದವನೆಂದರೆ ಶೆಟ್ಟಿಯೇ. ಉತ್ತರ ಹೊಳೆಯದೆ ಖೋಲಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಆ ಪ್ರಶ್ನೆಗೆ ಒಂದು ಇತಿಹಾಸವಿದೆ. 1947ರ ಡಿಸೆಂಬರ್ 13ರಂದು ಸಿಡ್ನಿ ಟೆಸ್ಟಿನಲ್ಲಿ ನಮ್ಮ ವಿನೂ ಮಂಕಡ್ ಆಸ್ಟ್ರೇಲಿಯಾದ ಬಿಲ್ ಬ್ರೌನ್‌ರನ್ನು ಹೀಗೆಯೇ ರನ್ ಔಟ್ ಮಾಡಿದರು. ಅದೇ ಪ್ರವಾಸದಲ್ಲಿ, ನವೆಂಬರಿನ ಪಂದ್ಯವೊಂದರಲ್ಲಿ, ಮೊದಲು ಎಚ್ಚರಿಕೆ ಕೊಟ್ಟು, ಬ್ರೌನ್ ಕೇಳದಿದ್ದಾಗ ಔಟ್ ಮಾಡಿದ್ದರು. ಎದುರಾಳಿ ನಾಯಕ ಬ್ರಾಡ್‌ಮನ್ ತಮ್ಮ ಆತ್ಮಕಥೆಯಲ್ಲಿ ಮಂಕಡ್ ಪರವಾಗಿಯೇ ಬರೆದರು. ಆದರೂ ಹೆಸರು ಕೆಟ್ಟದ್ದು ಬ್ರೌನ್‌ರದ್ದಲ್ಲ. 1952ರಲ್ಲಿ ಲಾರ್ಡ್ಸ್‌ನಲ್ಲಿ 72 ಮತ್ತು 184 ಹೊಡೆದು, ಐದು ವಿಕೆಟ್ಟನ್ನೂ ಕಿತ್ತವರು, 1956ರಲ್ಲಿ ಮದ್ರಾಸಿನಲ್ಲಿ ಪಂಕಜ್ ರಾಯ್ ಜೊತೆ ಮೊದಲ ವಿಕೆಟ್ಟಿಗೆ 413 ಓಟ ಸೇರಿಸಿದವರು ಮಂಕಡ್. ಅಂಥವರ ಹೆಸರು ಒಂದು ಬೈಗುಳವಾಗಿ ಉಳಿಯಿತು. ಇದಕ್ಕೆ ಗಾವಸ್ಕರ್ ಆಕ್ಷೇಪಿಸಿದ್ದು ನ್ಯಾಯವೇ.

ಈಗ ಅಮೆರಿಕದ ಬೇಸ್‌ಬಾಲ್ ನೋಡಿ. ಮಗಳ ಮನೆಗೆ ಹೋದಾಗ ಟಿ.ವಿ.ಯಲ್ಲಿ ನೋಡಿ ನೋಡಿ ಕಲಿತೆ. ಅಲ್ಲಿ ಒಂದು ಬೇಸಿನಿಂದ ಇನ್ನೊಂದಕ್ಕೆ 90 ಅಡಿ. ಓಟಗಾರ ಬೇಸ್ ಬಿಟ್ಟು ಕೆಲವು ಹೆಜ್ಜೆ ಮುಂದೆ ಸರಿದು ನಿಲ್ಲುತ್ತಾನೆ. ಚೆಂಡು ಎಸೆಯುವವನ ಭುಜ, ಕಾಲು ನೋಡುತ್ತಾನೆ. ಅವನು ಬ್ಯಾಟುದಾರನ ಕಡೆ ಎಸೆಯುವುದು ಖಚಿತವಾದ ಕ್ಷಣ ಓಟ ಕೀಳುತ್ತಾನೆ. ದಕ್ಕಿದರೆ 'ಕದ್ದ ಬೇಸ್' ಎಂದೇ ಲೆಕ್ಕದ ಪುಸ್ತಕದಲ್ಲಿ ಅವನ ಖಾತೆಗೆ ಜಮಾ. ರಿಕಿ ಹೆಂಡರ್ಸನ್ ಎಂಬಾತ 1982ರ ಒಂದೇ ಋತುವಿನಲ್ಲಿ 130, ಒಟ್ಟು 1,406 ಬೇಸ್ ಕದ್ದ. ಅದು ದಾಖಲೆ. ಹಾಗೆಯೇ, ಎಸೆಯುವವನು ಥಟ್ಟನೆ ಬೇಸಿನ ಕಡೆ ಚೆಂಡು ಕಳಿಸಿ ಓಟಗಾರನನ್ನು ಹಿಡಿದುಹಾಕಿದರೆ ಅದೂ ಜಾಣತನವೇ. 2023ರಲ್ಲಿ ಅಲ್ಲಿನ ಮೇಜರ್ ಲೀಗ್ ಎಸೆಯುವವನ ಕೈಕಟ್ಟಿತು: ಎರಡು ಸಲ ಹಾಗೆ ಪ್ರಯತ್ನಿಸಬಹುದು, ಮೂರನೆಯ ಸಲ ಔಟ್ ಮಾಡಲಾಗದಿದ್ದರೆ ಓಟಗಾರನಿಗೆ ಒಂದು ಬೇಸ್ ಪುಕ್ಕಟೆ. ಬೇಸಿನ ಅಗಲವೂ 15ರಿಂದ 18 ಇಂಚಾಯಿತು. 2022ರಲ್ಲಿ 2,486 ಇದ್ದ ಕದ್ದ ಬೇಸುಗಳು 2023ರಲ್ಲಿ 3,503ಕ್ಕೆ ಏರಿದವು.

ಕ್ರಿಕೆಟ್ಟಿನಲ್ಲಿ ಗೆರೆಯಿಂದ ಗೆರೆಗೆ ಬರೀ 58 ಅಡಿ. ಆರು ಅಡಿ ಮೊದಲೇ ಹೊರಟರೆ ಹತ್ತರಲ್ಲಿ ಒಂದು ಪಾಲು ದಾರಿ ಕದ್ದಂತೆ. ಚೆಕ್ ಕ್ಲಿಯರಿಂಗ್ ಆಗುವ ಮೊದಲೇ ಹಣ ತೆಗೆದ ಹಾಗೆ! ಅದನ್ನು ತಡೆದ ಗುಮಾಸ್ತನನ್ನು ಕಳ್ಳ ಎನ್ನಲಾದೀತೆ? 2019ರಲ್ಲಿ ಜೈಪುರದಲ್ಲಿ ಅಶ್ವಿನ್ ಬಟ್ಲರ್‌ರನ್ನು ಔಟ್ ಮಾಡಿದಾಗ ಜಗತ್ತೇ ಅಶ್ವಿನ್ ಮೇಲೆ ಬಿತ್ತು. 2022ರ ಅಕ್ಟೋಬರಿನಲ್ಲಿ ಎಂ.ಸಿ.ಸಿ. ಈ ನಿಯಮವನ್ನು 'ಅನುಚಿತ ಆಟ'ದ ಅಧ್ಯಾಯದಿಂದ ತೆಗೆದು ಸಾಧಾರಣ ರನ್ ಔಟ್ ಪಕ್ಕ ಇಟ್ಟಿತು. 75 ವರ್ಷ ಬೇಕಾಯಿತು.

ಬೆಂಗಳೂರಿನವರಿಗೆ 2023ರ ಏಪ್ರಿಲ್ 10 ನೆನಪಿರಬೇಕು. ಚಿನ್ನಸ್ವಾಮಿಯಲ್ಲಿ ಕೊನೆಯ ಚೆಂಡು, ಲಖನೌಗೆ ಬೇಕಾದದ್ದು ಒಂದೇ ಓಟ. ಬಿಷ್ಣೋಯಿ ಗೆರೆ ಬಿಟ್ಟು ಹೊರಟರು, ಹರ್ಷಲ್ ಪಟೇಲ್ ವಿಕೆಟ್ ಬೀಳಿಸಲು ಹೋಗಿ ಕೈತಪ್ಪಿ ಮುಂದೆ ಓಡಿದರು. ಆಮೇಲೆ ಎಸೆದು ಬೀಳಿಸಿದರೂ ಔಟ್ ಸಿಗಲಿಲ್ಲ. ಮತ್ತೆ ಎಸೆದ ಚೆಂಡಿಗೆ ಒಂದು ಬೈ ಕದ್ದು ಲಖನೌ ಗೆದ್ದಿತು.

ಹಾಗಂತ ನಿಯಮವೇ ಎಲ್ಲ ಅಂತಲೂ ಹೇಳಲಾರೆ. 1980ರ ಜೂಬಿಲಿ ಟೆಸ್ಟಿನಲ್ಲಿ ಇದೇ ಮುಂಬಯಿಯ ವಾಂಖೆಡೆಯಲ್ಲಿ ನಮ್ಮ ಭದ್ರಾವತಿಯ ವಿಶ್ವನಾಥ್, ಅಂಪೈರ್ ಔಟ್ ಕೊಟ್ಟಿದ್ದ ಬಾಬ್ ಟೇಲರ್‌ರನ್ನು ವಾಪಸ್ ಕರೆದರು. ಟೇಲರ್ ಮತ್ತು ಬೋಥಮ್ 171 ಓಟ ಸೇರಿಸಿದರು, ಭಾರತ ಹತ್ತು ವಿಕೆಟ್ಟುಗಳಿಂದ ಸೋತಿತು. ವಿಶ್ವನಾಥ್ ಬಿಟ್ಟುಕೊಟ್ಟದ್ದು ತಮ್ಮ ಪಾಲಿನದನ್ನು. ನಾನಾದರೋ ಕದ್ದು ಸಿಕ್ಕಿಬಿದ್ದು, ಹಿಡಿದವನೇ ಕಳ್ಳ ಅಂದವನು. ಎರಡಕ್ಕೂ ಬಹಳ ವ್ಯತ್ಯಾಸ.

ಆ ಹುಡುಗ ಮತ್ತೆಂದೂ ನನಗೆ ಬೌಲಿಂಗ್ ಮಾಡಲಿಲ್ಲ. ಮುಂದಿನ ವರ್ಷ ಅವರ ಮನೆಯವರು ಕಲ್ಯಾಣದ ಕಡೆ ಹೋದರು. ಸಾಮಾನು ಟೆಂಪೋಗೆ ಏರಿಸಲು ನಾನೂ ಕೈಹಾಕಿದೆ, ಅಜ್ಜನಿಗೆ ನೀರು ತಂದುಕೊಟ್ಟೆ. 'ತಪ್ಪಾಯ್ತು ಮಗಾ' ಅನ್ನುವ ಎರಡು ಮಾತು ಮಾತ್ರ ಬಾಯಿಗೆ ಬರಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಲೆಕ್ಕಪತ್ರ ನೋಡಿದೆ. ಆ ಒಂದು ಬಾಕಿ ಹಾಗೇ ಉಳಿಯಿತು.