ಇಲಿಗಳಿಂದ ಬಿತ್ತನೆ ಬೀಜಗಳ ರಕ್ಷಣೆ

ಇಲಿಗಳಿಂದ ಬಿತ್ತನೆ ಬೀಜಗಳ ರಕ್ಷಣೆ ಎಂದರೆ ಕೈತೋಟ ಹಾಗೂ ಹಿತ್ತಿಲ ಬೆಳೆಗಳಿಂದ ಆಯ್ದು, ಮುಂದಿನ ಬಿತ್ತನೆಗೆಂದು ಮನೆಯಲ್ಲಿ ತೆಗೆದಿರಿಸಿದ ಬೀಜಗಳು ಇಲಿಗಳ ಪಾಲಾಗದಂತೆ ಕಾಪಾಡುವ ಕ್ರಮ. ಊಟದ ಧಾನ್ಯವನ್ನು ಇಲಿ ತಿಂದರೆ ಆ ಕೊರತೆಯನ್ನು ಅಂಗಡಿಯಿಂದ ತುಂಬಿಕೊಳ್ಳಬಹುದು. ಆದರೆ ಒಂದೇ ಮನೆತನದಲ್ಲಿ ಉಳಿದುಬಂದ ಅವರೆ, ಹೀರೆ ಅಥವಾ ಸೌತೆಯ ತಳಿಯ ಬೀಜ ಹಿಡಿಯಷ್ಟೇ ಇದ್ದು, ಅದು ಒಂದು ರಾತ್ರಿಯಲ್ಲಿ ಹಾಳಾದರೆ ಆ ತಳಿಯೇ ಇಲ್ಲವಾಗುತ್ತದೆ.

ಹಾನಿಯ ಸ್ವರೂಪ

ಮನೆಯೊಳಗಿನ ಬೀಜಗಳಿಗೆ ಮುಖ್ಯ ಶತ್ರು ಮಸ್ ಮಸ್ಕ್ಯುಲಸ್ ಎಂಬ ವೈಜ್ಞಾನಿಕ ಹೆಸರಿನ ಚಿಕ್ಕ ಇಲಿ. ಇದು ಸುಮಾರು 6 ಮಿಲಿಮೀಟರ್ ಅಗಲದ ಸಂದಿಯಲ್ಲೂ ನುಸುಳಬಲ್ಲದು. ದಿನಕ್ಕೆ ಮೂರು ನಾಲ್ಕು ಗ್ರಾಂ ಮಾತ್ರ ತಿನ್ನುವುದಾದರೂ ಹಲವೆಡೆ ಸ್ವಲ್ಪ ಸ್ವಲ್ಪ ಕಡಿದು ಬಿಡುವ ಸ್ವಭಾವದಿಂದಾಗಿ ತಿಂದದ್ದಕ್ಕಿಂತ ಕೆಡಿಸಿದ್ದೇ ಹೆಚ್ಚಾಗಿರುತ್ತದೆ. ಆಹಾರದಲ್ಲಿನ ತೇವದಿಂದಲೇ ಬಹುಕಾಲ ಬದುಕಬಲ್ಲದಾದ್ದರಿಂದ ನೀರಿಲ್ಲದ ಅಟ್ಟವೂ ಅದಕ್ಕೆ ವಾಸಯೋಗ್ಯ. ಮುಸುಕಿನ ಜೋಳದಂಥ ಕಾಳುಗಳಲ್ಲಿ ಇಲಿಯು ಮೆದುವಾದ ಭ್ರೂಣಭಾಗವನ್ನೇ ಹೆಚ್ಚಾಗಿ ಕೊರೆಯುತ್ತದೆ. ಹೀಗಾಗಿ ಬಹುಪಾಲು ಉಳಿದಂತೆ ಕಾಣುವ ಕಾಳೂ ಮೊಳೆಯುವುದಿಲ್ಲ.

ಉದ್ದ ಮೂತಿಯ ಮೂಗಿಲಿಯನ್ನೂ ಜನರು ಇಲಿಯೆಂದೇ ಭಾವಿಸಿ ಕೊಲ್ಲುವುದುಂಟು. ಅದು ದಂಶಕ ವರ್ಗಕ್ಕೆ ಸೇರದ ಕೀಟಾಹಾರಿ. ಬೀಜದ ನಷ್ಟಕ್ಕೆ ಅದನ್ನು ಹೊಣೆಯಾಗಿಸುವುದು ನ್ಯಾಯವಲ್ಲ.

ಸಾಂಪ್ರದಾಯಿಕ ಕ್ರಮಗಳು

ಕರ್ನಾಟಕದ ಹಳ್ಳಿಗಳಲ್ಲಿ ಒಣಗಿದ ಸೋರೆ ಬುರುಡೆಯೊಳಗೆ ಬೀಜ ತುಂಬಿ ಬಾಯಿ ಮುಚ್ಚಿಡುವುದು, ಜೋಳದ ತೆನೆಗಳನ್ನು ಒಲೆಯ ಮೇಲಿನ ಜಂತಿಗೆ ಕಟ್ಟುವುದು, ಹೀರೆಯನ್ನು ಕಾಯಿಯ ನಾರಿನೊಳಗೇ ಬಿಟ್ಟು ತೂಗುಹಾಕುವುದು ರೂಢಿಯಲ್ಲಿವೆ. ಕುಂಬಳ, ಸೌತೆಗಳ ಬೀಜವನ್ನು ಸಗಣಿಯಲ್ಲಿ ಕಲಸಿ ಗೋಡೆಗೆ ಬಡಿಯುವ ಪದ್ಧತಿಯೂ ಇದೆ. ಕರಾವಳಿಯಲ್ಲಿ ಬತ್ತವನ್ನು ಹುಲ್ಲಿನಿಂದ ಬಿಗಿದು ಮುಡಿ ಕಟ್ಟುತ್ತಾರೆ. ಹೊಗೆ, ಬೂದಿ, ಬೇವಿನ ಎಲೆಗಳು ಹುಳುಗಳನ್ನು ದೂರವಿಡಲು ನೆರವಾಗುತ್ತವೆಯೇ ಹೊರತು ಹಸಿದ ಇಲಿಯನ್ನು ತಡೆಯುವುದಿಲ್ಲ. ತೂಗುಹಾಕಿದರೂ ಇಲಿ ಹಗ್ಗದ ಮೇಲಿಂದ ಇಳಿದು ಬರಬಲ್ಲದು. ಆದ್ದರಿಂದ ಹಗ್ಗದ ನಡುವೆ ಅಗಲವಾದ ತಗಡಿನ ಬಿಲ್ಲೆಯನ್ನು ಪೋಣಿಸುವುದು ಉಪಯುಕ್ತ.

ಧಾರಕ ಮತ್ತು ತೇವಾಂಶ

ಇಲಿಯ ಬಾಚಿಹಲ್ಲುಗಳು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ಕಾಗದದ ಪೊಟ್ಟಣ, ಬಟ್ಟೆಯ ಗಂಟು, ಪಾಲಿಥಿನ್ ಚೀಲ ಇವುಗಳಿಗೆ ತಡೆಯಲ್ಲ. ಪ್ಲಾಸ್ಟಿಕ್ ಡಬ್ಬಿಯ ಅಂಚನ್ನೂ ಅವು ಕೊರೆಯಬಲ್ಲವು. ಗಾಜಿನ ಸೀಸೆ ಹಾಗೂ ಬಿಗಿ ಮುಚ್ಚಳದ ಲೋಹದ ಡಬ್ಬಿಗಳೇ ನಂಬಿಕೆಗೆ ಅರ್ಹ.

ಆದರೆ ಇಲ್ಲಿಯೇ ಇನ್ನೊಂದು ಅಪಾಯವಿದೆ. ಸರಿಯಾಗಿ ಒಣಗದ ಬೀಜವನ್ನು ಗಾಳಿಯಾಡದ ಸೀಸೆಯಲ್ಲಿ ಮುಚ್ಚಿದರೆ ಇಲಿಯಿಂದ ಉಳಿದದ್ದು ಬೂಷ್ಟಿಗೆ ಬಲಿಯಾಗುತ್ತದೆ. ಹ್ಯಾರಿಂಗ್ಟನ್ ಸೂತ್ರದ ಪ್ರಕಾರ, 5ರಿಂದ 14 ಪ್ರತಿಶತದ ಮಿತಿಯೊಳಗೆ ತೇವಾಂಶ ಒಂದು ಪ್ರತಿಶತ ಇಳಿದಂತೆಲ್ಲ ಬೀಜದ ಆಯುಷ್ಯ ಸುಮಾರು ಇಮ್ಮಡಿಯಾಗುತ್ತದೆ. ಆದ್ದರಿಂದ ಬೀಜವನ್ನು ಗಾಳಿಯಾಡುವ ನೆರಳಿನಲ್ಲಿ ಹಲವು ದಿನ ಒಣಗಿಸಬೇಕು. ಚೆನ್ನಾಗಿ ಒಣಗಿದ ಕುಂಬಳದ ಬೀಜ ಬಾಗಿಸಿದರೆ ಬಾಗದೆ ಪಟ್ಟನೆ ಮುರಿಯುತ್ತದೆ. ಅವರೆಕಾಳು ಸುತ್ತಿಗೆಯ ಏಟಿಗೆ ಚಪ್ಪಟೆಯಾಗದೆ ಪುಡಿಯಾಗುತ್ತದೆ. ಹುರಿದು ಆರಿಸಿದ ಅಕ್ಕಿಯ ಸಣ್ಣ ಗಂಟನ್ನು ಸೀಸೆಯೊಳಗಿಟ್ಟರೆ ಉಳಿದ ತೇವವನ್ನು ಹೀರುತ್ತದೆ. ಒಣಗಿಸುವ ದಿನಗಳಲ್ಲೇ ಬೀಜ ಹೆಚ್ಚು ಅರಕ್ಷಿತವಾಗಿರುವುದರಿಂದ, ತಟ್ಟೆಯನ್ನು ಸಣ್ಣ ಕಣ್ಣಿನ ತಂತಿಬಲೆಯಿಂದ ಮುಚ್ಚುವುದು ಅಗತ್ಯ.

ವಿಷಪ್ರಯೋಗ

ಸತುವಿನ ಫಾಸ್ಫೈಡ್ ಮುಂತಾದ ಇಲಿಪಾಷಾಣಗಳು ಮಕ್ಕಳಿಗೂ ಸಾಕುಪ್ರಾಣಿಗಳಿಗೂ ಮಾರಕ. ವಿಷ ತಿಂದ ಇಲಿಯನ್ನು ತಿಂದ ಬೆಕ್ಕು, ಗೂಬೆಗಳೂ ಸಾಯಬಹುದು. ಕೆಲವೇ ಸೀಸೆ ಬೀಜಕ್ಕಾಗಿ ಈ ಗಂಡಾಂತರ ಬೇಕಿಲ್ಲ; ಬೋನು ಮತ್ತು ಬಿಲ ಮುಚ್ಚುವುದು ಸಾಕು.

ಒಂದು ಐತಿಹಾಸಿಕ ನಿದರ್ಶನ

1941ರಿಂದ 1944ರವರೆಗೆ ಲೆನಿನ್‌ಗ್ರಾಡ್ ನಗರ ಮುತ್ತಿಗೆಯಲ್ಲಿದ್ದಾಗ, ನಿಕೊಲಾಯ್ ವಾವಿಲೋವ್ ಕಟ್ಟಿದ ಬೀಜಸಂಗ್ರಹವನ್ನು ಅಲ್ಲಿನ ಸಿಬ್ಬಂದಿ ಸರದಿಯಂತೆ ಕಾವಲಿದ್ದು ಇಲಿಗಳಿಂದ ಕಾಪಾಡಿದರು. ಅಕ್ಕಿ, ಗೋಧಿಗಳ ನಡುವೆಯೇ ಇದ್ದರೂ ಅವನ್ನು ಮುಟ್ಟದೆ ಅವರಲ್ಲಿ ಹಲವರು ಹಸಿವಿನಿಂದ ಸತ್ತರು.

ಇಲಿ ಮುಟ್ಟಿದ ಬೀಜ

ಇಲಿಯ ಮೂತ್ರದಿಂದ ಇಲಿಜ್ವರ ಹರಡಬಹುದಾದ್ದರಿಂದ ಅಂಥ ಬೀಜವನ್ನು ಆಹಾರಕ್ಕೆ ಬಳಸಬಾರದು. ಕೈಗವಸು ತೊಟ್ಟು ಆರಿಸಬೇಕು. ಇಡಿಯಾಗಿ ಉಳಿದ ಕಾಳುಗಳಲ್ಲಿ ಹತ್ತನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಒಂದು ವಾರ ನೋಡಿದರೆ ಎಷ್ಟು ಮೊಳೆಯುತ್ತವೆಂದು ತಿಳಿಯುತ್ತದೆ. ಅದಕ್ಕೆ ತಕ್ಕಂತೆ ಗುಳಿಗೆ ಎರಡು ಮೂರು ಬೀಜ ಹೆಚ್ಚಾಗಿ ಊರಬಹುದು.