ದುಬೈ ಕರಾವಳಿಯ ನೂಬಾನ್ ಹಾಡುಗಳು

ದುಬೈ ಮತ್ತು ಅಬುಧಾಬಿ ಮುತ್ತಿನ ವ್ಯಾಪಾರದಿಂದ ಬದುಕುತ್ತಿದ್ದ ಹತ್ತೊಂಬತ್ತನೆಯ ಶತಮಾನದಲ್ಲಿ, ಪೂರ್ವ ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರು ‘ಝಾರ್’ ಎಂಬ, ಮೈಮೇಲೆ ಬಂದ ಚೇತನವನ್ನು ಹಾಡಿನಿಂದ ಸಮಾಧಾನಪಡಿಸುವ ಚಿಕಿತ್ಸಾ ವಿಧಿಯನ್ನೂ ‘ನೂಬಾನ್’ ಎಂಬ ಹಾಡು-ಕುಣಿತವನ್ನೂ ಕೊಲ್ಲಿಯ ಕರಾವಳಿಯಲ್ಲಿ ಬೇರೂರಿಸಿದರು. ಬ್ರಿಟಿಷರು 1847ರಲ್ಲಿ ಇಲ್ಲಿನ ಶೇಖ್‌ಗಳೊಂದಿಗೆ ಗುಲಾಮರ ಸಾಗಣೆಯನ್ನು ನಿಷೇಧಿಸುವ ಒಪ್ಪಂದಗಳನ್ನು ಮಾಡಿಕೊಂಡರೂ ವ್ಯಾಪಾರ ಒಮ್ಮೆಲೇ ನಿಲ್ಲಲಿಲ್ಲ.

ನೂಬಾನಿನ ಮುಖ್ಯ ವಾದ್ಯ ತಂಬೂರಾ; ಹೆಸರು ಕನ್ನಡದ ತಂಬೂರಿಯನ್ನು ನೆನಪಿಸಿದರೂ ಇದು ಚರ್ಮ ಬಿಗಿದ ಬಟ್ಟಲಿನಿಂದ ಎರಡು ತೋಳುಗಳು ಮೇಲೆದ್ದು, ಅವುಗಳನ್ನು ಸೇರಿಸುವ ಅಡ್ಡಪಟ್ಟಿಗೆ ತಂತಿಗಳನ್ನು ಕಟ್ಟಿದ, ರೂಪದಲ್ಲಿ ಬೇರೆಯೇ ಆದ ವಾದ್ಯ. ಇದರೊಂದಿಗೆ ಸೊಂಟಕ್ಕೆ ಸುತ್ತಿಕೊಂಡ ‘ಮಂಜೂರ್’, ಅಂದರೆ ಬಟ್ಟೆಗೆ ಸಾಲಾಗಿ ಹೊಲಿದ ಆಡಿನ ಗೊರಸುಗಳು, ಕುಣಿಯುವವನ ಮೈ ಅಲುಗಿದಂತೆಲ್ಲ ಗಲಗಲಿಸಿ ತಾಳ ಹಿಡಿಯುತ್ತವೆ.

ನೂಬಾನ್ ಹಾಡುಗಳ ಕಲಿಕೆಗೆ ಪಠ್ಯಕ್ಕಿಂತ ಸಾನ್ನಿಧ್ಯವೇ ಮುಖ್ಯ. ಕಲಿಯುವವರು ಹಿರಿಯರ ಗುಂಪಿನಲ್ಲಿ ನಿಂತು, ಸ್ವಾಹಿಲಿ ಬೆರೆತ ಅರಬ್ಬೀ ಪದಗಳನ್ನು, ಕೆಲವೊಮ್ಮೆ ಅರ್ಥ ತಿಳಿಯದೆಯೇ, ಕಿವಿಯಿಂದ ಹಿಡಿಯುತ್ತಾರೆ. ಬಾಯಿಂದ ಬಾಯಿಗೆ ಸಾಗುವ ತುಳುನಾಡಿನ ಪಾಡ್ದನದ ಹಾಡುಗಳನ್ನು ಕೇಳಿ ಬೆಳೆದವರಿಗೆ ಈ ಕಲಿಕೆಯ ರೀತಿ ಅಪರಿಚಿತವೆನಿಸದು. ಆದರೆ ಈ ಹಾಡುಗಳು ಬೇರೂರಿದ್ದ ಬದುಕು ಬದಲಾಯಿತು: 1930ರ ದಶಕದಲ್ಲಿ ಜಪಾನಿನ ಕೃಷಿ ಮುತ್ತು ಮತ್ತು ಜಾಗತಿಕ ಆರ್ಥಿಕ ಕುಸಿತದಿಂದ ಮುತ್ತಿನ ವ್ಯಾಪಾರ ಮುರಿದುಬಿತ್ತು, 1962ರಲ್ಲಿ ಅಬುಧಾಬಿಯಿಂದ ಕಚ್ಚಾತೈಲದ ರಫ್ತು ಆರಂಭವಾಯಿತು. ಬಳಿಕ ಆಸ್ಪತ್ರೆಗಳು ಹೆಚ್ಚಿದಂತೆ ಚಿಕಿತ್ಸೆಯ ಝಾರ್ ಹಿಂದೆ ಸರಿಯಿತು, ನೂಬಾನ್ ಮದುವೆ ಮತ್ತು ಉತ್ಸವಗಳ ಜನಪದ ಪ್ರದರ್ಶನವಾಗಿ ಉಳಿಯಿತು.