ಹೊಟ್ಟೆಯ ಗೋಡೆಗೊಂದು ತೇಪೆ

ಹರಿದ ಬಟ್ಟೆಗೆ ಅದೇ ಬಗೆಯ ಬಟ್ಟೆಯ ತೇಪೆ ಚೆನ್ನ. ಹರ್ನಿಯಾ ಸರಿಪಡಿಸುವ ಶಸ್ತ್ರವೈದ್ಯರೂ ಹಿಂದೆ ಹೀಗೆಯೇ ಯೋಚಿಸಿದ್ದರು. 1920ರ ದಶಕದಲ್ಲಿ ಟೊರೊಂಟೊದ ವಿಲಿಯಂ ಗ್ಯಾಲಿ, ರೋಗಿಯ ತೊಡೆಯಿಂದಲೇ ಗಟ್ಟಿ ಪೊರೆಯ ಪಟ್ಟಿಗಳನ್ನು ತೆಗೆದು, ಅವನ್ನೇ ದಾರವಾಗಿಸಿ ಹರ್ನಿಯಾ ಹೊಲಿದರು. ಆದರೆ ಇದಕ್ಕಾಗಿ ತೊಡೆಗೂ ಒಂದು ಗಾಯ ಮಾಡಬೇಕಿತ್ತು.

1958ರಲ್ಲಿ ಹ್ಯೂಸ್ಟನ್ನಿನ ಫ್ರಾನ್ಸಿಸ್ ಅಷರ್ ಪ್ಲಾಸ್ಟಿಕ್ ಬಲೆಯ ಬಗ್ಗೆ ವರದಿ ಮಾಡಿದರು. ಅದು ಅಗ್ಗ, ಗಟ್ಟಿ. ಆದರೆ ಕರುಳಿನ ಶಸ್ತ್ರಕ್ರಿಯೆಯೂ ಜೊತೆಗಿದ್ದರೆ ವೈದ್ಯರಿಗೆ ಅಂಜಿಕೆ: ಬಲೆಯೊಳಗೆ ಸೋಂಕು ಮನೆಮಾಡಿದರೆ ಅದನ್ನು ಕಿತ್ತು ತೆಗೆಯಬೇಕಾದೀತು.

ಹೀಗಾಗಿ ದೃಷ್ಟಿ ಮತ್ತೆ ಜೀವಿಗಳ ಅಂಗಾಂಶದತ್ತ ಹೊರಳಿತು. ಹಂದಿಯ ಕರುಳಿನ ಪದರ, ಹಂದಿಯ ಚರ್ಮ, ಮೃತ ದಾನಿಗಳ ಚರ್ಮ ಇವುಗಳಿಂದ ಜೀವಕೋಶಗಳನ್ನು ತೊಳೆದು, ಕೊಲಾಜನ್ ಹಂದರವನ್ನಷ್ಟೇ ಉಳಿಸಿದ ಹಾಳೆಗಳು ಬಂದವು. ರೋಗಿಯ ಕೋಶಗಳು ಹಂದರಕ್ಕೆ ಬಳ್ಳಿಯಂತೆ ಹಬ್ಬಿ ಅದನ್ನು ತಮ್ಮದಾಗಿಸಿಕೊಳ್ಳುತ್ತವೆ ಎಂಬುದು ನಂಬಿಕೆ.

ಆ ನಂಬಿಕೆಯನ್ನು ಒರೆಗೆ ಹಚ್ಚಿದ್ದು 2022ರಲ್ಲಿ ಪ್ರಕಟವಾದ, ಅಮೆರಿಕದ 253 ರೋಗಿಗಳ ಅಧ್ಯಯನ. ಎರಡು ವರ್ಷಗಳಲ್ಲಿ ಹರ್ನಿಯಾ ಮರುಕಳಿಸಿದ್ದು ಹಂದಿ ಚರ್ಮದ ಹಾಳೆ ಹಾಕಿದವರಲ್ಲಿ ಶೇ. 20.5, ಪ್ಲಾಸ್ಟಿಕ್ ಬಲೆಯವರಲ್ಲಿ ಶೇ. 5.6. ಗಾಯದ ತೊಂದರೆಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಮಧ್ಯಕ ಬೆಲೆ ಮಾತ್ರ 21,539 ಡಾಲರ್. ಬಲೆಗೆ 105 ಡಾಲರ್.

ಕೀವು ತುಂಬಿದ ಗಾಯಗಳು ಈ ಅಧ್ಯಯನದಲ್ಲಿರಲಿಲ್ಲ. ಅಲ್ಲಿಗೆ ಈ ಉತ್ತರ ಸಲ್ಲದು. ಉಳಿದೆಡೆ, ಇನ್ನೂರು ಪಟ್ಟು ದುಬಾರಿಯಾದ ತೇಪೆಯನ್ನು ಯಾಕೆ ಹಾಕುತ್ತೀರಿ ಎಂದು ರೋಗಿ ಕೇಳಿದರೆ, ವೈದ್ಯರು ಕಾರಣ ಹೇಳಲೇಬೇಕು.